ಜರ್ಮನ್ ಸಂಘದ ಕ್ರಿಸ್ಮಸ್ ಸಂತೆಯೂ ಕಂಬಂ ಕಣಿವೆಯ ಕನ್ನಡವೂ

ಕಾವ್ಯ, ಕಾದಂಬರಿ, ನಾಟಕಗಳನ್ನು ವಿಮರ್ಶಿಸುವುದು ವಾಡಿಕೆ. ಸಂತೆಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ತಾಯ್ನೆಲದಿಂದ ದೂರವಿರುವ ಜನ ವರ್ಷಕ್ಕೊಮ್ಮೆ ಕೂಡಿ ನಡೆಸುವ ಸಂತೆಯೂ ಒಂದು ಬಗೆಯ ಕೃತಿಯೇ ಸರಿ. ತಮ್ಮದೆಂಬುದರಲ್ಲಿ ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟುಕೊಟ್ಟರು ಎಂಬುದನ್ನು ಅಲ್ಲಿ ಓದಬಹುದು. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಫಿಲಡೆಲ್ಫಿಯಾ ನಗರದ ಜರ್ಮನ್ ಸಂಘದ ಕ್ರಿಸ್ಮಸ್ ಸಂತೆಯನ್ನು ನಾವು ಕಂಡೆವು. ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸುವ ಉದ್ದೇಶ ನಮ್ಮದು.

ಈ ಬಗೆಯ ಸಂತೆಯ ಪರಂಪರೆ ಬಹು ಹಳೆಯದು. ಜರ್ಮನಿಯ ಡ್ರೆಸ್ಡೆನ್ ನಗರದ ಸಂತೆಗೆ 1434ರಿಂದಲೇ ದಾಖಲೆಯಿದೆ. ಫಿಲಡೆಲ್ಫಿಯಾದ ಸಂಘವೂ ಹಳೆಯದೇ. ಅದು ಸ್ಥಾಪನೆಯಾದದ್ದು 1764ರಲ್ಲಿ, ಅಂದರೆ ಅಮೆರಿಕ ಸ್ವತಂತ್ರವಾಗುವುದಕ್ಕೂ ಮೊದಲು. ಹಡಗಿನಲ್ಲಿ ಬಂದಿಳಿದು, ಪ್ರಯಾಣದ ಸಾಲ ತೀರಿಸಲಾಗದೆ ಕಷ್ಟಕ್ಕೆ ಸಿಕ್ಕಿದ ಬಡ ಜರ್ಮನರಿಗೆ ನೆರವಾಗುವುದು ಅದರ ಮೊದಲ ಕೆಲಸವಾಗಿತ್ತು. ಗ್ರಂಥಾಲಯ, ಸಂಗೀತ, ಉತ್ಸವಗಳೆಲ್ಲ ಆಮೇಲೆ ಬಂದವು. ಅನ್ನ ಮತ್ತು ಆಸರೆಗಳಿಂದ ಹುಟ್ಟಿದ ಸಂಘ ಇಷ್ಟು ಕಾಲ ಬಾಳಿದೆ ಎಂಬುದನ್ನು ಸಂಘ ಕಟ್ಟುವವರೆಲ್ಲರೂ ಗಮನಿಸಬೇಕು.

ಸಂತೆಯ ಹೊರರೂಪ ಮನೋಹರವಾಗಿತ್ತು. ಮರದಲ್ಲಿ ಕಡೆದ ಗೊಂಬೆಗಳು, ಹುಲ್ಲಿನ ನಕ್ಷತ್ರಗಳು, ಮೇಣದ ದೀಪಗಳು, ಲವಂಗ ದಾಲ್ಚಿನ್ನಿ ಹಾಕಿ ಕಾಯಿಸಿದ ದ್ರಾಕ್ಷಾರಸದ ಪರಿಮಳ. ಲೇಬ್‌ಕೂಖೆನ್ ಎಂಬ ಅವರ ಮಸಾಲೆ ರೊಟ್ಟಿಯಲ್ಲಿ ಏಲಕ್ಕಿಯೂ ಸೇರುತ್ತದೆ. ಬೋಡಿನಾಯಕನೂರಿನ ಏಲಕ್ಕಿ ಪೇಟೆಯನ್ನು ಬಲ್ಲ ನಮಗೆ ಆ ವಾಸನೆ ಅಪರಿಚಿತವೆನಿಸಲಿಲ್ಲ. ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಒಂದೊಂದು ಮಳಿಗೆಯಲ್ಲೂ ನಿಲ್ಲುತ್ತಿದ್ದರು. ಸಂತೆಯ ಮೊದಲ ಗುಣವೆಂದರೆ ಇದೇ: ಉಪನ್ಯಾಸಕ್ಕೆ ಬಾರದ ಮಗು ತಿನಿಸಿಗಾಗಿ ಬರುತ್ತದೆ.

ದೋಷವೂ ಅಲ್ಲೇ ಇತ್ತು. ನಾವು ಕಿವಿಗೊಟ್ಟಷ್ಟು ಹೊತ್ತೂ ಮಾರುವವರ ಮಾತು, ಕೊಳ್ಳುವವರ ಮಾತು ಇಂಗ್ಲಿಷೇ ಆಗಿತ್ತು. ಜರ್ಮನ್ ಹಾಡುಗಳನ್ನು ಹಾಳೆ ನೋಡಿಕೊಂಡು ಹಾಡುತ್ತಿದ್ದರು. ಇದಕ್ಕೆ ಅವರ ಉದಾಸೀನವೊಂದೇ ಕಾರಣವೆನ್ನುವುದು ನ್ಯಾಯವಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಜರ್ಮನ್ ಮಾತನಾಡುವವರನ್ನು ಸಂಶಯದಿಂದ ನೋಡಲಾಯಿತು. ಅನೇಕ ಶಾಲೆಗಳು ಆ ಭಾಷೆಯ ಪಾಠವನ್ನೇ ನಿಲ್ಲಿಸಿದವು. ಹೆದರಿದ ತಂದೆತಾಯಿಗಳು ಮಕ್ಕಳೊಡನೆ ಇಂಗ್ಲಿಷಿಗೆ ಹೊರಳಿದರು. ಆದರೂ ಅದೇ ಸಂಘದ ಕಟ್ಟಡದಲ್ಲಿ ಹತ್ತಾರು ಸಾವಿರ ಜರ್ಮನ್ ಪುಸ್ತಕಗಳ ಗ್ರಂಥಾಲಯವಿದೆ, ಭಾಷೆ ಕಲಿಸುವ ತರಗತಿಗಳಿವೆ. ಮನೆಯಲ್ಲಿ ಕಳೆದುಹೋದ ಮಾತನ್ನು ಮತ್ತೆ ಬೇಕೆಂದವರು ಅಲ್ಲಿ ಹುಡುಕಿಕೊಳ್ಳಬಹುದು.

ಆ ನಗರದ ಪಶ್ಚಿಮಕ್ಕೆ, ಸುಮಾರು ನೂರು ಕಿಲೋಮೀಟರ್ ದೂರದ ಲ್ಯಾಂಕಾಸ್ಟರ್ ಸೀಮೆಯಲ್ಲಿ, ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯಿದೆ. ಅಲ್ಲಿನ ಆಮಿಷ್ ಪಂಥದ ರೈತರು ಇಂದಿಗೂ ಮನೆಯಲ್ಲಿ ಜರ್ಮನ್ನಿನ ಒಂದು ಉಪಭಾಷೆಯನ್ನೇ ಆಡುತ್ತಾರೆ. ಪ್ರಾರ್ಥನೆಗೆ ಗ್ರಾಂಥಿಕ ಜರ್ಮನ್, ಶಾಲೆಗೆ ಇಂಗ್ಲಿಷ್. ತೊಟ್ಟಿಲಿನಲ್ಲೂ ಹೊಲದಲ್ಲೂ ಕೇಳುವ ಮಾತಾದ್ದರಿಂದ ಅದು ಸುಮಾರು ಮುನ್ನೂರು ವರ್ಷ ಉಳಿದು ಬಂದಿದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ತೇನಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಕಾಪಿಲಿಯರು, ಅನುಪ್ಪರು, ದೇವಾಂಗರು ಮುಂತಾದ ಸಮುದಾಯಗಳಲ್ಲಿ ಕನ್ನಡ ಹಲವು ತಲೆಮಾರುಗಳಿಂದ ಮನೆಮಾತು. ಥರ್ಸ್ಟನ್ ಅವರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥವೂ ಕಾಪಿಲಿಯರನ್ನು ಕನ್ನಡ ನುಡಿಯುವ ರೈತರೆಂದೇ ಗುರುತಿಸುತ್ತದೆ. ಪೊಂಗಲ್ ಕಾಲದಲ್ಲಿ ಕಂಬಂನ ತಂಬಿರಾನ್ ದೊಡ್ಡಿಯ ದೇವರ ದನಗಳ ಮುಂದೆ ನೆರೆಯುವ ಜನರಲ್ಲಿ ಈ ಮಾತನ್ನು ಇಂದಿಗೂ ಕೇಳಬಹುದು. ಆದರೆ ಓದು ಬರಹವೆಲ್ಲ ತಮಿಳಿನಲ್ಲಿ, ಈಚೆಗೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಆಡುವವರೇ ಮದುವೆಯ ಕರೆಯೋಲೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸುತ್ತಾರೆ. ಅನ್ನವಿತ್ತ ನಾಡಿನ ಭಾಷೆಯನ್ನು ಕಲಿತದ್ದು ತಪ್ಪಲ್ಲ, ಅದು ಧರ್ಮವೇ. ತಮ್ಮ ಮಾತಿಗೂ ಒಂದು ಲಿಪಿಯಿದೆ, ಸಾವಿರ ವರ್ಷಕ್ಕೂ ಮೀರಿದ ಸಾಹಿತ್ಯವಿದೆ ಎಂಬುದು ಎಷ್ಟೋ ಮಕ್ಕಳಿಗೆ ತಿಳಿಯದಿರುವುದೇ ಕೊರತೆ.

ಆ ನಗರದ ಜರ್ಮನರಲ್ಲಿ ಗ್ರಂಥವಿದೆ, ಮನೆಮಾತು ಹೋಗಿದೆ. ನಮ್ಮಲ್ಲಿ ಮನೆಮಾತಿದೆ, ಗ್ರಂಥ ಬಂದಿಲ್ಲ. ಇವೆರಡರಲ್ಲಿ ನಮ್ಮದೇ ಮೇಲಾದ ಸ್ಥಿತಿಯೆಂದು ನಾವು ಭಾವಿಸುತ್ತೇವೆ. ಅಕ್ಷರವನ್ನು ಎಪ್ಪತ್ತರ ವಯಸ್ಸಿನಲ್ಲೂ ಕಲಿಯಬಹುದು, ತಾಯಿಯ ಮಡಿಲಲ್ಲಿ ಕೇಳಿದ ಮಾತನ್ನು ಆ ಬಳಿಕ ತರುವುದು ಕಷ್ಟ. ಆದರೆ ಈ ಅನುಕೂಲ ಬಹುಕಾಲ ಇರುವುದಿಲ್ಲ. ಅಜ್ಜಿಯ ಕನ್ನಡಕ್ಕೆ ಮೊಮ್ಮಗಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಮನೆಗಳು ಈಗಾಗಲೇ ಹೆಚ್ಚುತ್ತಿವೆ.

ಆದ್ದರಿಂದ ನಮ್ಮ ತೀರ್ಪು ಇಷ್ಟು. ಸಂತೆ ಹೆಬ್ಬಾಗಿಲು, ಬಾಗಿಲೇ ಮನೆಯಲ್ಲ. ನಮ್ಮ ಕನ್ನಡ ಸಂಘಗಳ ಸಮ್ಮೇಳನಗಳಲ್ಲಿ ಹೋಳಿಗೆ, ಮೈಸೂರು ಪಾಕುಗಳ ಮಳಿಗೆ ಖಂಡಿತ ಇರಲಿ. ಅದರ ಪಕ್ಕದಲ್ಲೇ ಸ್ಲೇಟು ಬಳಪವಿಟ್ಟು ಮಕ್ಕಳಿಗೆ ಅವರವರ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸುವ ಒಂದು ಮೇಜು ಇರಲಿ. ಮತ್ತೊಂದು ಮೇಜಿನಲ್ಲಿ ಹಿರಿಯರನ್ನು ಕೂರಿಸಿ, ಉಳುಮೆ, ದನಕರು, ಮಗ್ಗ, ಅಡುಗೆಗಳಿಗೆ ಸಂಬಂಧಿಸಿದ ಮನೆಮಾತಿನ ಪದಗಳನ್ನು ಕಾಲೇಜು ಓದುವ ಮಕ್ಕಳು ಬರೆದುಕೊಳ್ಳಲಿ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ಎರಡು ಮೇಜು, ನಾಲ್ಕು ನೋಟುಪುಸ್ತಕ ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಪದಗಳ ಪಟ್ಟಿ ಅಚ್ಚಾಗಲೆಂದು ಸಂಘದ ಪದಾಧಿಕಾರಿಗಳನ್ನೂ ತಾಯಂದಿರನ್ನೂ ವಿನಯಪೂರ್ವಕವಾಗಿ ಕೋರುತ್ತೇವೆ.