ಅಮೃತಮತಿಯ ಪಾಪಸಂಕಲ್ಪ

ಲಾಭಕ್ಕಾಗಿ ಮಾಡಿದ ಪಾಪವನ್ನು ವಿವರಿಸುವುದು ಸುಲಭ. ತಪ್ಪೆಂದು ಬಲ್ಲವರೇ ಯಾವ ಫಲವನ್ನೂ ಎಣಿಸದೆ ತಪ್ಪನ್ನು ಮಾಡುವುದೇಕೆ ಎಂಬುದು ಕಠಿನವಾದ ಪ್ರಶ್ನೆ. ಭಗವದ್ಗೀತೆಯ ೩ನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುವುದು ಇದಕ್ಕೆ ಸಮೀಪವಾದುದನ್ನೇ. ಕಾಮಕ್ರೋಧಗಳೇ ಕಾರಣವೆಂದು ಅಲ್ಲಿಯ ಉತ್ತರ. ಪಾಶ್ಚಾತ್ಯ ಸಂತನಾದ ಅಗಸ್ಟೀನನು, ೧೬ನೆಯ ವಯಸ್ಸಿನಲ್ಲಿ ತಾನು ಹಸಿವಿಲ್ಲದೆಯೇ ನೆರೆಯ ಮರದ ಹಣ್ಣು ಕದ್ದುದನ್ನು ನೆನೆದು, ಕಳವೇ ತನಗೆ ರುಚಿಯಾಗಿದ್ದಿತೆಂದು ನಿರ್ಣಯಿಸಿದನು. ಕನ್ನಡದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುವ ಕಾವ್ಯವು ಜನ್ನನ ಯಶೋಧರಚರಿತೆ (ಕ್ರಿ. ಶ. ೧೨೦೯).

ಈ ಕಥೆಗೆ ಸೇಡಂ ಸೀಮೆಯ ನಂಟು ಹಳೆಯದು. ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಂ ಕಡೆಗೆ ಸಾಗುವ ದಾರಿಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ೧೦ನೆಯ ಶತಮಾನದಲ್ಲಿ ಪುಷ್ಪದಂತನು ಮಂತ್ರಿ ಭರತನ ಆಶ್ರಯದಲ್ಲಿ ಮಹಾಪುರಾಣವನ್ನೂ, ಭರತನ ಮಗನಾದ ನನ್ನನ ಆಶ್ರಯದಲ್ಲಿ ಇದೇ ಯಶೋಧರನ ಕಥೆಯನ್ನೂ ಅಪಭ್ರಂಶದಲ್ಲಿ ರಚಿಸಿದನು. ೯೫೯ರಲ್ಲಿ ಸೋಮದೇವಸೂರಿಯು ಸಂಸ್ಕೃತದಲ್ಲಿ ಯಶಸ್ತಿಲಕವನ್ನು ಮುಗಿಸಿದನು. ಜನ್ನನಿಗೆ ಮುಖ್ಯ ಆಧಾರ ವಾದಿರಾಜನ ಸಂಸ್ಕೃತಕಾವ್ಯವೆಂದು ವಿದ್ವಾಂಸರ ಸಾಮಾನ್ಯ ಮತವಾದರೂ, ಆತನು ಬಹುಕಾಲದಿಂದ ಪಳಗಿದ ವಸ್ತುವನ್ನೇ ಕೈಗೆತ್ತಿಕೊಂಡನೆಂಬುದು ನಿರ್ವಿವಾದ.

ರಾಣಿ ಅಮೃತಮತಿಗೆ ರೂಪ, ಐಶ್ವರ್ಯ, ಪತಿಪ್ರೇಮ ಇವು ಯಾವುದರ ಕೊರತೆಯೂ ಇಲ್ಲ. ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು ಆಕೆ ವಿಕಾರರೂಪಿಯಾದ ಮಾವುತನನ್ನು ಸೇರುವಳು. ದೂತಿಯು ಅವನ ಕುರೂಪವನ್ನು ಬಣ್ಣಿಸಿದರೂ ಮನಸ್ಸು ತಿರುಗದು. ತಡವಾಗಿ ಬಂದುದಕ್ಕೆ ಅವನು ಹೊಡೆದರೂ ಬಿಡಳು. ಸೌಂದರ್ಯ, ಧನ, ಅಧಿಕಾರ, ಕೊನೆಗೆ ದಯೆ, ಹೀಗೆ ಪಾಪಕ್ಕೆ ಪ್ರತಿಫಲವಾಗಬಲ್ಲ ಒಂದೊಂದನ್ನೂ ಕವಿಯು ಕಳೆಯುತ್ತ ಹೋಗುವನು. ಉಳಿಯುವುದು ಸಂಗೀತವೊಂದೇ.

ಆದುದರಿಂದ ಕೆಲವರು ಆಕೆಯಲ್ಲಿ ಪಾಪವನ್ನು ಕಾಣದೆ ಒಲವಿನ ಪಾರವಶ್ಯವನ್ನು ಮಾತ್ರ ಕಾಣಬಹುದು. ಈ ವ್ಯಾಖ್ಯಾನವು ಮೊದಲ ಹೆಜ್ಜೆಗೆ ಒಪ್ಪುವುದೇ ಹೊರತು ಕೊನೆಯದಕ್ಕೆ ಒಪ್ಪದು. ಯಶೋಧರನು ವಿರಕ್ತನಾಗಿ, ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡಲು ನಿಶ್ಚಯಿಸಿದ ಮೇಲೆ ಆಕೆ ಅವನಿಗೂ ಅವನ ತಾಯಿಗೂ ವಿಷವಿಕ್ಕುವಳು. ಅಡ್ಡಿಯಾಗಿದ್ದವನು ತಾನಾಗಿಯೇ ದೂರವಾಗುತ್ತಿದ್ದನು. ಗುಟ್ಟು ಬಯಲಾಗುವ ಭಯ ಕಾರಣವೆನ್ನಬಹುದು. ಆದರೆ ಅರಸನು ತಾನು ಕಂಡುದನ್ನು ಹೆತ್ತ ತಾಯಿಗೂ ಹೇಳದೆ ಕೆಟ್ಟ ಕನಸೆಂದು ಮರೆಮಾಡಿದ್ದನು. ಮುದುಕಿಯಾದ ಚಂದ್ರಮತಿಯಿಂದಂತೂ ಆಕೆಗೆ ಯಾವ ಅಪಕಾರವೂ ಆಗಿರಲಿಲ್ಲ. ಹಾಡಿಗಾಗಿ ಆರಂಭವಾದ ಪಾಪವು ಇಲ್ಲಿ ಹಾಡನ್ನು ಮರೆತಿದೆ. ಅದು ತನಗಾಗಿಯೇ ನಡೆಯುತ್ತಿದೆ.

ಇದಕ್ಕೆ ಎದುರಾಗಿ ಕವಿಯು ಯಶೋಧರನ ತಪ್ಪನ್ನು ಇರಿಸಿರುವನು. ಹಿಂಸೆ ಕೂಡದೆಂದು ಆತನು ಬಲ್ಲನು, ತಾಯಿಯೊಡನೆ ವಾದಿಸುವನು. ಕಡೆಗೆ ಆಕೆಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡುವನು. ಕತ್ತಿ ತಗುಲಿದಾಗ ಆ ಕೋಳಿ ಕೂಗಿತು. ನೆತ್ತರಿಲ್ಲದ ಆ ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲುವರು. ಹಿಟ್ಟಿನ ಕೋಳಿಗೆ ಇಷ್ಟು ದಂಡವೇ ಎಂಬ ಆಕ್ಷೇಪವು ಸಹಜ. ಆದರೆ ಕಾವ್ಯವು ತೂಗುವುದು ಸತ್ತ ಪ್ರಾಣಿಯನ್ನಲ್ಲ, ಕೊಂದ ಮನಸ್ಸನ್ನು.

ಜೈನಶಾಸ್ತ್ರವು ಮೋಹನೀಯಕರ್ಮವನ್ನು ದರ್ಶನಮೋಹನೀಯ, ಚಾರಿತ್ರಮೋಹನೀಯ ಎಂದು ಎರಡಾಗಿ ವಿಂಗಡಿಸುವುದು. ಮೊದಲನೆಯದು ಸತ್ಯದ ಶ್ರದ್ಧೆಯನ್ನು ಕೆಡಿಸಿದರೆ ಎರಡನೆಯದು ನಡತೆಯನ್ನು ಕೆಡಿಸುವುದು. ಅರಿವಿದ್ದೂ ಮಾಡುವ ತಪ್ಪು ಅಸಂಭವವಲ್ಲವೆಂದು ಇದರಿಂದ ಸಿದ್ಧವಾಗುವುದು. ಯಶೋಧರನ ಪಾಪಕ್ಕೆ ಈ ವಿವರಣೆ ಸಾಕು. ಅಮೃತಮತಿಯ ಕೊನೆಯ ಕೃತ್ಯಕ್ಕೆ ಸಾಲದು. ಕವಿಯೂ ಅದನ್ನು ಬಿಡಿಸಿ ಹೇಳದೆ, ತನ್ನ ಕಥೆಯ ಬಹುಭಾಗವನ್ನು ಯಶೋಧರನ ಭವಾವಳಿಗೇ ಮೀಸಲಿಟ್ಟನು. ಇದು ಕಾವ್ಯದ ನ್ಯೂನತೆಯಲ್ಲ. ಪಾಪಕ್ಕಾಗಿಯೇ ಪಾಪ ಮಾಡುವವರು ವಿರಳ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಹಿಟ್ಟಿನದಲ್ಲವೇ ಎಂದು ಸಮಾಧಾನ ಹೇಳಿಕೊಂಡು ಕತ್ತಿಯೆತ್ತುವವರೇ ಬಹುಮಂದಿ. ಜನ್ನನ ಎಚ್ಚರಿಕೆ ಅವರಿಗೆ ಸಲ್ಲುವುದು.