ಪದಾತಿಯೂ ಪಟ್ಟವೂ

ಚದುರಂಗದ ಮಣೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಪದವಿ ಪದಾತಿಯದು. ಒಂದೊಂದೇ ಮನೆಯನ್ನು ದಾಟುತ್ತ, ಹಿಂದಿರುಗಲಾರದೆ ನಡೆಯುವ ಈ ಕಾಲಾಳು ಎದುರಾಳಿಯ ಕೊನೆಯ ಸಾಲನ್ನು ಮುಟ್ಟಿದೊಡನೆ ಮಂತ್ರಿಯಾಗಬಲ್ಲನು. ಆಗ ಅವನ ತಂದೆ ಯಾರೆಂದು ಯಾರೂ ಕೇಳುವುದಿಲ್ಲ. ನಡೆದ ದಾರಿಯೇ ಅವನ ಯೋಗ್ಯತೆಗೆ ಪ್ರಮಾಣ. ಆದರೆ ಇಂತಹ ಮಣೆಗೆ ಹೆಸರುಳ್ಳ ಪಾತ್ರಗಳನ್ನೂ ರಾಜವಂಶದ ಕಥೆಯನ್ನೂ ಕೂಡಿಸಿದಾಗ ಆ ನ್ಯಾಯವು ಉಳಿಯುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಜಪಾನಿನ ‘ಫೈರ್ ಎಂಬ್ಲೆಮ್’ ಎಂಬ ಯುದ್ಧತಂತ್ರದ ಆಟಗಳ ಮಾಲೆ ೧೯೯೦ರಲ್ಲಿ ಮೊದಲಾಯಿತು. ಅದರ ಎರಡನೆಯ ಕೃತಿಯಾದ ‘ಗೈಡೆನ್’ ೧೯೯೨ರಲ್ಲಿ ಹೊರಬಂದಿತು. ಇದನ್ನೇ ೨೦೧೭ರಲ್ಲಿ ‘ಷ್ಯಾಡೋಸ್ ಆಫ್ ವ್ಯಾಲೆಂಟಿಯಾ’ ಎಂಬ ಹೆಸರಿನಿಂದ ವಿಸ್ತರಿಸಿ ಹೊಸದಾಗಿ ರಚಿಸಿದರು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಎರಡನೆಯ ರೂಪವನ್ನು. ಚದುರಂಗದಂತೆಯೇ ಇದರಲ್ಲಿಯೂ ಮನೆಗಳುಂಟು, ಸರದಿಯುಂಟು. ಆದರೆ ಪ್ರತಿಯೊಂದು ಕಾಯಿಗೂ ಮುಖವಿದೆ, ಮಾತಿದೆ, ಮನಸ್ಸಿದೆ.

ವ್ಯಾಲೆಂಟಿಯಾ ಎಂಬ ಕಲ್ಪಿತ ಭೂಖಂಡದಲ್ಲಿ ಉತ್ತರಕ್ಕೆ ರೈಗೆಲ್, ದಕ್ಷಿಣಕ್ಕೆ ಜೋಫಿಯಾ ಎಂಬ ಎರಡು ರಾಜ್ಯಗಳು. ಜೋಫಿಯಾದ ರಾಮ್ ಎಂಬ ಹಳ್ಳಿಯಲ್ಲಿ ಬೆಳೆದ ಆಲ್ಮ್ ಎಂಬ ತರುಣನು ತನ್ನ ಗೆಳೆಯರೊಡನೆ ಸೈನ್ಯವನ್ನು ಸೇರುವನು. ಗ್ರೇ, ಟೋಬಿನ್, ಕ್ಲಿಫ್ ಎಂಬ ಈ ಗೆಳೆಯರ ಆರಂಭದ ಪದವಿಯ ಹೆಸರೇ ‘ಹಳ್ಳಿಗ’. ಕೊಂಚ ಅನುಭವವನ್ನು ಗಳಿಸಿದ ಮೇಲೆ ಅವರು ಮಿಲಾ ದೇವಿಯ ವಿಗ್ರಹದ ಮುಂದೆ ನಿಂತು ಕೂಲಿಯೋಧ, ಭಲ್ಲೆಯ ಭಟ, ರಾವುತ, ಬಿಲ್ಲಾಳು, ಮಂತ್ರವಾದಿ ಇವುಗಳಲ್ಲಿ ಯಾವ ಪದವಿಯನ್ನಾದರೂ ಪಡೆಯಬಹುದು. ಕುಲೀನರಾಗಿ ಹುಟ್ಟಿದ ಯೋಧರು ತಮ್ಮ ಪದವಿಯನ್ನು ಜೊತೆಯಲ್ಲಿಯೇ ತರುವರು. ಅವರ ದಾರಿ ಮೊದಲೇ ಗೊತ್ತಾದುದು. ಆಯ್ಕೆಯ ಭಾಗ್ಯವು ಏನೂ ಇಲ್ಲದ ಹಳ್ಳಿಗನಿಗೇ ಮೀಸಲು. ಅಷ್ಟೇ ಅಲ್ಲ, ಕೂಲಿಯೋಧರ ಸಾಲಿನಲ್ಲಿ ತುತ್ತತುದಿಯನ್ನು ಮುಟ್ಟಿದವನು ಬಯಸಿದರೆ ಮರಳಿ ಹಳ್ಳಿಗನಾಗಿ ಮತ್ತೊಂದು ದಾರಿಯನ್ನು ಹಿಡಿಯಬಹುದು. ಏರಿಕೆಯ ಕೊನೆಯನ್ನು ಏರಿಕೆಯ ಮೊದಲಿನೊಡನೆ ಬೆಸೆದಿರುವ ಈ ಕಲ್ಪನೆ ನಿಜವಾಗಿಯೂ ರಮ್ಯವಾದುದು. ಪದವಿಯೆಂಬುದು ತೊಡುವ ಅಂಗಿಯೇ ಹೊರತು ಮೈಯ ಚರ್ಮವಲ್ಲವೆಂದು ಆಟದ ನಿಯಮವೇ ಸಾರುವಂತಿದೆ.

ಕಥೆಯೂ ಬಾಯಲ್ಲಿ ಇದನ್ನೇ ಹೇಳುವುದು. ಹುಟ್ಟಿನಿಂದ ಮನುಷ್ಯನ ಬೆಲೆಯನ್ನು ಅಳೆಯಬಾರದೆಂಬುದು ಆಲ್ಮನ ನಿಲುವು. ಕುಲೀನನಾದ ಕ್ಲೈವ್ ತನ್ನ ಪಡೆಯ ನಾಯಕತ್ವವನ್ನು ಅವನಿಗೆ ಒಪ್ಪಿಸುವನು. ಹಳ್ಳಿಗನ ಕೈಕೆಳಗೆ ನಿಲ್ಲಲಾರದ ಫರ್ನಾಂಡನು ಪಡೆಯನ್ನೇ ಬಿಟ್ಟು ಹಗೆಯಾಗುವನು. ಇಷ್ಟರವರೆಗೆ ಸೊಗಸಾಗಿದೆ. ಆದರೆ ಕಥೆಯ ಕೊನೆಗೆ ಆಲ್ಮನು ರೈಗೆಲಿನ ಚಕ್ರವರ್ತಿ ರುಡಾಲ್ಫನ ಮಗನೆಂದು ಬಯಲಾಗುವುದು. ಅವನ ಕೈಯ ಮೇಲಿನ ಮಚ್ಚೆಯೇ ಅದಕ್ಕೆ ಸಾಕ್ಷಿ. ಅವನ ಬಾಲ್ಯದ ಒಡನಾಡಿ ಸೆಲಿಕಾ ಜೋಫಿಯಾದ ರಾಜಕುಮಾರಿ. ಇಬ್ಬರೂ ಮದುವೆಯಾಗಿ ಎರಡು ರಾಜ್ಯಗಳನ್ನು ಒಂದುಗೂಡಿಸುವರು.

ಹೀಗಾದ ಮೇಲೆ ಫರ್ನಾಂಡನ ಮಾತಿಗೆ ಉತ್ತರವೆಲ್ಲಿ ದೊರೆಯಿತು? ‘ಹಳ್ಳಿಗನು ಆಳಲಾರನು’ ಎಂದವನೆದುರಿಗೆ ‘ಇವನು ಹಳ್ಳಿಗನೇ ಅಲ್ಲ’ ಎಂದಂತಾಯಿತಲ್ಲದೆ ‘ಹಳ್ಳಿಗನೂ ಆಳಬಲ್ಲನು’ ಎಂದಂತಾಗಲಿಲ್ಲ. ಹಿಂದಿರುಗಿ ನೋಡಿದರೆ ಈ ಒಡಕು ನಿಯಮಗಳಲ್ಲಿಯೂ ಮೊದಲಿನಿಂದ ಅಡಗಿತ್ತು. ಗೆಳೆಯರೆಲ್ಲ ಹಳ್ಳಿಗರಾಗಿ ಹೊರಟರೆ ಆಲ್ಮನೊಬ್ಬನು ಮಾತ್ರ ಆರಂಭದಿಂದಲೇ ಬೇರೊಂದು ಪದವಿಯಲ್ಲಿರುವನು. ಕಠಿಣವಾದ ಕ್ರಮವನ್ನು ಆರಿಸಿದವನಿಗೆ ರಣದಲ್ಲಿ ಮಡಿದವರು ಸಾಮಾನ್ಯವಾಗಿ ಮರಳಿ ಬಾರರು; ಕ್ಲಿಫ್ ಸತ್ತರೆ ಆಟ ಮುಂದೆ ಸಾಗುವುದು, ಆಲ್ಮ್ ಸತ್ತರೆ ಅಲ್ಲಿಗೇ ಮುಗಿಯುವುದು. ಚದುರಂಗದ ರಾಜನು ಹಳ್ಳಿಗನ ವೇಷದಲ್ಲಿ ನಡೆಯುತ್ತಿದ್ದನಷ್ಟೆ.

ಕನ್ನಡದ ವಾಚಕರಿಗೆ ಇಲ್ಲಿ ಕರ್ಣನ ನೆನಪಾಗದಿರದು. ಅವನೂ ಕೀಳೆನಿಸಿದ ಮನೆಯಲ್ಲಿ ಬೆಳೆದ ಕ್ಷತ್ರಿಯನು. ಅವನ ಜನ್ಮರಹಸ್ಯವೂ ಕೊನೆಗೆ ಹೊರಬೀಳುವುದು. ಆದರೆ ಎರಡಕ್ಕೂ ಎಷ್ಟು ಅಂತರ! ಕುಲವನ್ನು ಕೇಳಿದ ಸಭೆಯಲ್ಲಿಯೇ ಕರ್ಣನಿಗೆ ಅಂಗರಾಜ್ಯದ ಪಟ್ಟವಾಯಿತು. ಆಗ ಅವನು ಸೂತಪುತ್ರನೆಂದೇ ಎಲ್ಲರೂ ತಿಳಿದಿದ್ದರು. ಕುಲವು ತಿಳಿದ ದಿನ ಅವನಿಗೆ ರಾಜ್ಯವನ್ನು ಪಡೆಯುವ ಅವಕಾಶವಿದ್ದರೂ ಅವನು ಅದನ್ನೊಲ್ಲದೆ, ತನ್ನನ್ನು ಸೂತಪುತ್ರನಾಗಿಯೇ ಪ್ರೀತಿಸಿದವರ ಪಕ್ಷದಲ್ಲಿ ನಿಂತು ಮಡಿದನು. ಅಲ್ಲಿ ಹುಟ್ಟಿನ ಅರಿವು ನೋವನ್ನು ತಂದಿತು. ಇಲ್ಲಿ ಅದು ಸಿಂಹಾಸನವನ್ನು ತಂದಿತು.

ಆಟದ ರಚನಕಾರರ ಪರವಾಗಿ ಒಂದು ಮಾತನ್ನು ಹೇಳಬೇಕು. ಆಲ್ಮನಿಗೆ ನಿಜವು ತಿಳಿಯುವುದು ತನ್ನ ತಂದೆಯನ್ನು ತನ್ನ ಕೈಯಿಂದಲೇ ಕೆಡವಿದ ಮೇಲೆ. ಪಟ್ಟವು ರಕ್ತದಲ್ಲಿ ತೊಯ್ದು ಬರುವ ಆ ಸನ್ನಿವೇಶದಲ್ಲಿ ಕರುಣವು ಸಹಜವಾಗಿ ಉಕ್ಕುವುದು. ಆದರೂ ರಸವು ಒಂದು, ಔಚಿತ್ಯವು ಮತ್ತೊಂದು. ನಿಯಮದಲ್ಲಿ ಕೊಟ್ಟ ಮಾತನ್ನು ಕಥೆಯು ನಡೆಸಲಿಲ್ಲ.

ಆದುದರಿಂದ ಈ ಕೃತಿಯ ನಿಜವಾದ ನಾಯಕರನ್ನು ಸಿಂಹಾಸನದ ಬಳಿಯಲ್ಲಿ ಹುಡುಕಬಾರದು. ಯಾವ ಮಚ್ಚೆಯೂ ಇಲ್ಲದೆ ಊರನ್ನು ಬಿಟ್ಟು, ವಿಗ್ರಹದ ಮುಂದೆ ತನ್ನ ದಾರಿಯನ್ನು ತಾನೇ ಆರಿಸಿಕೊಂಡು, ಕೊನೆಯ ಕಾಳಗದವರೆಗೆ ಜೀವವನ್ನು ಉಳಿಸಿಕೊಂಡ ಟೋಬಿನನಂತಹ ಹಳ್ಳಿಗನೇ ಅದರ ನಾಯಕನು. ಅವನ ಹಣೆಯಲ್ಲಿ ಕಿರೀಟವಿಲ್ಲದಿದ್ದರೂ, ಪದಾತಿಯ ಹಳೆಯ ನ್ಯಾಯವು ಅವನಲ್ಲಿ ಉಳಿದಿದೆ.