ನುಡಿಗಲಿಕೆಯೂ ನಡೆಗಲಿಕೆಯೂ: ಬಾಸೆಲ್ ಮಿಶನ್ ಶಾಲೆಗಳ ಬೋಧನಕ್ರಮದ ಒಂದು ವಿಮರ್ಶೆ

ಕನ್ನಡದಲ್ಲಿ 'ನಡೆನುಡಿ' ಎಂಬುದು ಜೋಡುಪದ. ಇವೆರಡರ ಹೊಂದಿಕೆಯನ್ನೇ ಮನುಷ್ಯನ ಯೋಗ್ಯತೆಗೆ ಒರೆಗಲ್ಲೆಂದು ಹನ್ನೆರಡನೆಯ ಶತಮಾನದ ಶರಣರು ಎಣಿಸಿದರು. ಆದರೆ ಒಂದು ತತ್ತ್ವವನ್ನು ಒರೆಗಲ್ಲಾಗಿ ಹಿಡಿಯುವುದು ಬೇರೆ, ಅದನ್ನೇ ಪಾಠಕ್ರಮವಾಗಿ ಏರ್ಪಡಿಸುವುದು ಬೇರೆ. ನುಡಿಯನ್ನು ಕಲಿಸುತ್ತಲೇ ನಡೆಯನ್ನೂ ತಿದ್ದುವೆವೆಂದು ಶಾಲೆಯೊಂದು ಹೊರಟಾಗ, ಒಂದು ಮತ್ತೊಂದಕ್ಕೆ ಆಧಾರವಾಗುವುದೋ ಹೊರೆಯಾಗುವುದೋ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕನ್ನಡನಾಡಿನಲ್ಲಿ ದೊರೆಯುವ ಒಳ್ಳೆಯ ನಿದರ್ಶನವೆಂದರೆ ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಶಾಲೆಗಳು. ಆ ಸಂಸ್ಥೆಯ ಮತಪ್ರಸಾರವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಪ್ರಕೃತ ಲೇಖನದ ಉದ್ದೇಶವಲ್ಲ. ಭಾಷಾಪಾಠಕ್ಕೂ ಶೀಲಪಾಠಕ್ಕೂ ಅಲ್ಲಿ ಏರ್ಪಟ್ಟ ಸಂಬಂಧವೆಂತಹುದು, ಅದರಲ್ಲಿ ಸಾರವಾದುದೆಷ್ಟು, ಅಸಾರವಾದುದೆಷ್ಟು ಎಂಬುದನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ಬಾಸೆಲ್ ಮಿಶನ್ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವೂ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯೂ ಹುಟ್ಟಿದುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಈ ಪಾದ್ರಿಗಳಲ್ಲಿ ಬಹುಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥಕ್ಕೆ ಸೇರಿದವರು. ಪ್ರತಿಯೊಬ್ಬನೂ ಧರ್ಮಗ್ರಂಥವನ್ನು ತನ್ನ ಕಣ್ಣಿನಿಂದಲೇ ಓದಿ ತನ್ನ ಹೃದಯವನ್ನು ತಾನೇ ಶೋಧಿಸಿಕೊಳ್ಳಬೇಕೆಂಬುದು ಈ ಪಂಥದ ಮೂಲಭಾವನೆ. ಶಾಲೆಗಳನ್ನು ತೆರೆಯುವುದು ನಗರಸಭೆಗಳ ಕರ್ತವ್ಯವೆಂದು ಮಾರ್ಟಿನ್ ಲೂಥರ್ 1524ರಲ್ಲಿ ಬರೆದುದು, 1529ರಲ್ಲಿ ಅವನು ಪ್ರಶ್ನೋತ್ತರರೂಪದ ಕಿರುಧರ್ಮಬೋಧೆಯನ್ನು ಹೊರತಂದುದು, 1695ರಿಂದ ಹಾಲೆ ಪಟ್ಟಣದಲ್ಲಿ ಫ್ರಾಂಕೆ ಎಂಬ ಪಂಡಿತನು ಬಡಮಕ್ಕಳ ಶಾಲೆಗಳನ್ನು ನಡೆಸಿದುದು, ಇವೆಲ್ಲ ಈ ಭಾವನೆಯ ಹಿಂದಿರುವ ಪರಂಪರೆ. ಓದುವುದು ಇಲ್ಲಿ ಬರಿಯ ಲೌಕಿಕ ಕುಶಲತೆಯಲ್ಲ. ಓದುವುದೇ ಒಂದು ಆಚಾರ. ಆದ್ದರಿಂದ ಪ್ರಾರ್ಥನಾಮಂದಿರದ ಮಗ್ಗುಲಲ್ಲಿ ಶಾಲೆಯೂ ಎದ್ದುದು ಸಹಜವೇ ಆಗಿತ್ತು.

ಇಂತಹ ಶಾಲೆ ನುಡಿ ನಡೆಗಳನ್ನು ಬೆಸೆಯಲು ಮುಖ್ಯವಾಗಿ ಮೂರು ಸಾಧನಗಳನ್ನು ಅವಲಂಬಿಸುತ್ತದೆ: ಬಾಯಿಪಾಠದ ಪ್ರಶ್ನೋತ್ತರ, ನೀತಿಯಲ್ಲಿ ಮುಗಿಯುವ ವಾಚನಪಾಠ, ಗಂಟೆಗೆ ಕಟ್ಟುಬಿದ್ದ ದಿನಚರಿ. ಇವುಗಳಲ್ಲಿ ಬಾಯಿಪಾಠ ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿಸಿ, ಕಾಗುಣಿತ ಮಗ್ಗಿಗಳನ್ನು ಒಪ್ಪಿಸಿಕೊಂಡು, ಅಮರಕೋಶ, ಸೋಮೇಶ್ವರ ಶತಕ, ಜೈಮಿನಿ ಭಾರತಗಳನ್ನು ಕಂಠಸ್ಥ ಮಾಡಿಸುತ್ತಿದ್ದ ಕೂಲಿಮಠಗಳು ಅದಕ್ಕಿಂತ ಹಳೆಯವು. ಆದರೆ ಒಂದು ಅಂತರವನ್ನು ಗಮನಿಸಬೇಕು. ಕೂಲಿಮಠದ ಹುಡುಗನಿಗೆ ಮೊದಲು ದೊರೆಯುತ್ತಿದ್ದುದು ಶಬ್ದ. ಅರ್ಥ ವಯಸ್ಸಿನೊಡನೆ ತಾನಾಗಿ ಬರಲೆಂದು ಬಿಡುತ್ತಿದ್ದರು. ಪ್ರಶ್ನೋತ್ತರದ ಧರ್ಮಬೋಧೆಯಲ್ಲಿಯಾದರೋ ಅರ್ಥವೇ ಸಿದ್ಧವಾಕ್ಯವಾಗಿ ಬಾಯಿಗೆ ಬರುತ್ತದೆ. ಮೊದಲನೆಯ ಕ್ರಮದಲ್ಲಿ ಅರಿಯದೆ ಉಚ್ಚರಿಸುವ ದೋಷವಿದೆ. ಎರಡನೆಯದರಲ್ಲಿ, ಅರಿತೆನೆಂದು ಭ್ರಮಿಸುವ ದೋಷವಿದೆ. ಶೀಲದ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚು ಅಪಾಯಕರವೆಂದು ನಮಗೆ ತೋರುತ್ತದೆ.

ಅಭ್ಯಾಸದಿಂದ ಶೀಲ ಎಂಬ ಸೂತ್ರವೇ ಈ ಶಾಲೆಗಳ ಮತತತ್ತ್ವಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲವೆಂಬುದೂ ವಿಚಾರಾರ್ಹ. ಒಳ್ಳೆಯ ಕೆಲಸಗಳನ್ನು ಮಾಡಿ ಮಾಡಿ ಮನುಷ್ಯ ಒಳ್ಳೆಯವನಾಗುವುದಿಲ್ಲ, ಒಳ್ಳೆಯವನಾದ ಮೇಲೆ ಒಳ್ಳೆಯ ಕೆಲಸ ಮಾಡುತ್ತಾನೆ ಎಂದು 1517ರಲ್ಲಿ ಲೂಥರ್ ಅರಿಸ್ಟಾಟಲನ ಮತವನ್ನು ಖಂಡಿಸಿದ್ದನು. ಅರಿಸ್ಟಾಟಲನನ್ನು ಅನುಸರಿಸಿದ ತೋಮಾಸ್ ಅಕ್ವಿನಾಸನಿಗೆ ಸದ್ಗುಣವೆಂಬುದೇ ಒಂದು ಸ್ಥಿರವಾದ ಅಭ್ಯಾಸ. ಈ ಎರಡನೆಯ ಪರಂಪರೆಯ ಜೆಸ್ವಿತ್ ಪಾದ್ರಿಗಳು 1599ರ ತಮ್ಮ ಶಿಕ್ಷಣಸಂಹಿತೆಯಲ್ಲಿ ವ್ಯಾಕರಣ, ಸಾಹಿತ್ಯ, ವಾಗ್ಮಿತೆಗಳೆಂಬ ತರಗತಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಸ್ಪರ್ಧೆ ಬಹುಮಾನಗಳಿಂದ ಅಭ್ಯಾಸವನ್ನು ಬಲಪಡಿಸಿದರು. ಅವರು ಮಂಗಳೂರಿಗೆ ಬಂದುದು 1878ರಲ್ಲಿ. ಅವರ ಸಂತ ಅಲೋಶಿಯಸ್ ಕಾಲೇಜು ತೆರೆದುದು 1880ರಲ್ಲಿ. ಹೀಗೆ ಒಂದೇ ಊರಿನಲ್ಲಿ ಎರಡು ಕ್ರೈಸ್ತ ಶಿಕ್ಷಣಮಾರ್ಗಗಳು ನೆರೆಹೊರೆಯಾದವು. ಜೆಸ್ವಿತರ ಮಾರ್ಗಕ್ಕೆ ಅಭ್ಯಾಸವೆಂದರೆ ಸಂಕೋಚವಿಲ್ಲ. ಬಾಸೆಲ್ ಮಾರ್ಗವಾದರೋ ಹೃದಯದ ಪರಿವರ್ತನೆಯನ್ನು ಬೋಧಿಸುತ್ತಲೇ ಗಂಟೆ, ಹಾಜರಿ, ಶುಚಿ, ಕೈಕೆಲಸಗಳ ಕಟ್ಟುನಿಟ್ಟನ್ನು ಆಚರಣೆಯಲ್ಲಿಟ್ಟಿತು. 1851ರ ನೇಯ್ಗೆ ಕಾರ್ಖಾನೆ, 1865ರ ಹಂಚಿನ ಕಾರ್ಖಾನೆಗಳಲ್ಲಿ ಬೇಕಾದುದೂ ಇದೇ ಕಾಲಪಾಲನೆಯ ಶೀಲ. ತತ್ತ್ವ ಹೃದಯವನ್ನು ಕೇಳಿತು, ದಿನಚರಿ ಅಭ್ಯಾಸವನ್ನು ಕೇಳಿತು. ಈ ಬಿರುಕಿನ ಮೇಲೆ ಸೇತುವೆಯಾಗಬೇಕಾದ ಹೊರೆ ಭಾಷಾಪಾಠದ ಮೇಲೆ ಬಿದ್ದಿತು.

ಆ ಭಾಷೆ ಯಾವುದೆಂಬುದನ್ನು ಮರೆಯುವಂತಿಲ್ಲ. ಕರಾವಳಿಯ ಮಕ್ಕಳಲ್ಲಿ ಬಹಳ ಮಂದಿಗೆ ಮನೆಯ ಮಾತು ತುಳು ಅಥವಾ ಕೊಂಕಣಿ. ಶಾಲೆಯ ಮಾತು ಕನ್ನಡ. ಮಿಶನ್ನಿನವರು ತುಳುವನ್ನು ಕಡೆಗಣಿಸಿದರೆನ್ನಲಾಗದು. ಗ್ರೈನರನ ತುಳು ಹೊಸ ಒಡಂಬಡಿಕೆ 1847ರಲ್ಲಿ, ಬ್ರಿಗೆಲನ ತುಳು ವ್ಯಾಕರಣ 1872ರಲ್ಲಿ, ಮ್ಯಾನರನ ತುಳು ನಿಘಂಟು 1886ರಲ್ಲಿ ಹೊರಬಂದವು. ಆದರೂ ತರಗತಿಯಲ್ಲಿ ಶೀಲದ ಶಬ್ದಗಳು ಮಗುವಿಗೆ ಮುಖ್ಯವಾಗಿ ಕನ್ನಡದಲ್ಲಿಯೇ ಪರಿಚಿತವಾದವು. 'ಪಾಪ', 'ಕೃಪೆ', 'ನಂಬಿಕೆ', 'ಮನಸ್ಸಾಕ್ಷಿ' ಎಂಬ ಈ ಮಾತುಗಳಿಗೆ ಮತಗ್ರಂಥದಲ್ಲಿ ಒಂದು ಅರ್ಥ, ಬೀದಿಯಲ್ಲಿ ಮತ್ತೊಂದು. ಪ್ರಾಟೆಸ್ಟಂಟರ 'ನಂಬಿಕೆ'ಯೇ ಕಥೋಲಿಕರಲ್ಲಿ 'ವಿಶ್ವಾಸ'ವಾಗುವುದನ್ನು ನೋಡಿದರೆ, ಪಾರಿಭಾಷಿಕ ಪದವೊಂದು ಎಷ್ಟು ಕಟ್ಟಳೆಗೊಳಪಟ್ಟುದೆಂಬುದು ತಿಳಿಯುತ್ತದೆ. 'ಪಾಪ' ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಬೋಧೆಯಲ್ಲಿ ಅದು ದೇವರಾಜ್ಞೆಯ ಉಲ್ಲಂಘನೆ. ಆದರೆ ಬಿದ್ದು ಮೊಣಕಾಲು ಒಡೆದುಕೊಂಡ ಹುಡುಗನನ್ನು ಕಂಡು ಕನ್ನಡಿಗನು ಉಸುರುವುದೂ 'ಅಯ್ಯೋ ಪಾಪ' ಎಂದೇ. ಒಂದೇ ಶಬ್ದ ಅಪರಾಧವನ್ನೂ ಅನುಕಂಪವನ್ನೂ ಸೂಚಿಸುವುದು ನಮ್ಮ ನುಡಿಯ ಒಂದು ದೊಡ್ಡ ಸಂಪತ್ತು. ಅಪರಾಧಿಯನ್ನು ಕಂಡು ಅನುಕಂಪ ತೋರಬೇಕೆಂಬುದು ಕ್ರೈಸ್ತಬೋಧೆಯ ತಿರುಳಾಗಿರುವುದರಿಂದ, ಈ ಎರಡು ಅರ್ಥಗಳನ್ನು ಎದುರುಬದುರಿಟ್ಟು ಕಲಿಸಬಲ್ಲ ಉಪಾಧ್ಯಾಯನಿಗೆ ಇದಕ್ಕಿಂತ ಉತ್ತಮವಾದ ಪಾಠ ಬೇಕಿರಲಿಲ್ಲ. ಪದಕ್ಕೆ ಒಂದೇ ಅರ್ಥವನ್ನು ಕಟ್ಟಿಕೊಡುವ ಪ್ರಶ್ನೋತ್ತರಕ್ಕಾದರೋ ಇಂತಹ ಪಾಠ ನಿಲುಕುವುದಿಲ್ಲ.

ಇಲ್ಲಿ ಪ್ರಶ್ನೆಗಳಲ್ಲಿಯೇ ಎರಡು ಬಗೆಯೆಂದು ವಿಂಗಡಿಸಬೇಕಾಗುತ್ತದೆ. ಒಂದು, ಉತ್ತರವನ್ನು ಮೊದಲೇ ಬಲ್ಲವನು ಅದನ್ನೇ ಮರಳಿ ಕೇಳಲೆಂದು ಹಾಕುವ ಪ್ರಶ್ನೆ. ಇನ್ನೊಂದು, ಕೇಳಿಸಿಕೊಂಡವನು ತನ್ನನ್ನೇ ಒರೆಗೆ ಹಚ್ಚಿಕೊಂಡಲ್ಲದೆ ಉತ್ತರ ಹೇಳಲಾಗದ ಪ್ರಶ್ನೆ. ಕ್ರೈಸ್ತಶಾಲೆಯ ಕೈಯಲ್ಲಿಯೇ ಇದ್ದ ಸುವಾರ್ತೆಗಳು ಎರಡನೆಯ ಬಗೆಗೆ ಮೇಲಾದ ಮಾದರಿಗಳನ್ನು ಕೊಡುತ್ತವೆ. ಲೂಕನ ಹತ್ತನೆಯ ಅಧ್ಯಾಯದ ಸಮಾರ್ಯದವನ ಕಥೆ ಒಂದು ಪ್ರಶ್ನೆಗೆ ಉತ್ತರವಾಗಿ ಆರಂಭವಾಗಿ, ಕೇಳಿದವನಿಗೇ ತಿರುಗುಪ್ರಶ್ನೆಯಾಗಿ ಮುಗಿಯುತ್ತದೆ: ಮೂವರಲ್ಲಿ ನೆರೆಯವನಾದವನು ಯಾರೆಂಬುದನ್ನು ಆ ಪಂಡಿತನೇ ಹೇಳಬೇಕಾಗುತ್ತದೆ. ಹದಿನೈದನೆಯ ಅಧ್ಯಾಯದಲ್ಲಿ ತಪ್ಪಿಹೋದ ಮಗ ಮರಳಿದ ಮೇಲೆ, ಮುನಿದ ಹಿರಿಯ ಮಗನಿಗೆ ತಂದೆ ಸಮಾಧಾನ ಹೇಳುವಲ್ಲಿಗೆ ಕಥೆ ನಿಲ್ಲುತ್ತದೆ. ಅವನು ಒಳಗೆ ಬಂದನೋ ಇಲ್ಲವೋ ತಿಳಿಯದು. ಬಿತ್ತುವವನ ಸಾಮ್ಯಕ್ಕೆ ಅರ್ಥವಿವರಣೆ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದೆ, ದಿಟ, ಆದರೆ ಆ ವಿವರಣೆ ಶಿಷ್ಯರು ಅರಿಯಲೆಳಸಿದ ಮೇಲೆ ಅವರಿಗಾಗಿ ಬಂದುದು, ಕಥೆಯ ಬಾಲವಾಗಿ ಎಲ್ಲರಿಗೂ ಅಂಟಿಸಿದುದಲ್ಲ. ಹೀಗಿರಲು, ಪ್ರತಿ ಪಾಠದ ಕೊನೆಗೂ ನೀತಿವಾಕ್ಯವನ್ನು ಕಟ್ಟುವ ವಾಚನಪುಸ್ತಕದ ಸಂಪ್ರದಾಯ ಕ್ರೈಸ್ತಗ್ರಂಥದ ಅತ್ಯುತ್ತಮ ಕಥನಕ್ರಮಕ್ಕೇ ವಿರೋಧವಾಗಿದೆಯೆನ್ನಬೇಕು. ನಮ್ಮ ಗೋವಿನ ಹಾಡಿನಲ್ಲಿಯೂ ಸತ್ಯದ ಮಹಿಮೆ ಹೊಳೆಯುವುದು ಹಸು ಮರಳಿ ಬರುವ ನಡೆಯಲ್ಲಿ, ಹುಲಿಯ ಮನಸ್ಸು ಮುರಿಯುವ ಗಳಿಗೆಯಲ್ಲಿ. ಉಪದೇಶ ಆ ನಡೆಯೊಳಗೇ ಕರಗಿದೆ.

ಮಿಶನ್ನಿನ ನುಡಿಗೆಲಸವನ್ನೆಲ್ಲ ಈ ನೀತಿವಾಕ್ಯದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯವಾದೀತು. 1848ರಿಂದ 1853ರವರೆಗೆ ಮೋಗ್ಲಿಂಗನು 'ಬಿಬ್ಲಿಯೊಥೆಕಾ ಕರ್ನಾಟಕಾ' ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಮಾಡಿಸಿದನು. ಇವು ಅವನ ಮತಕ್ಕೆ ಸೇರಿದ ಕೃತಿಗಳಲ್ಲ. ಫರ್ಡಿನೆಂಡ್ ಕಿಟ್ಟೆಲನು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿ, 1872ರಲ್ಲಿ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ, 1894ರಲ್ಲಿ ನಿಘಂಟನ್ನು ಮುಗಿಸಿದನು. ಆ ನಿಘಂಟಿನಲ್ಲಿ ಗಾದೆಗಳಿಗೆ ದೊರೆತ ಸ್ಥಾನವನ್ನು ಬೋಧಕರು ವಿಶೇಷವಾಗಿ ಗಮನಿಸಬೇಕು. ಗಾದೆ ನೀತಿಯನ್ನು ಹೇಳುತ್ತದೆ, ಆದರೆ ಪ್ರಶ್ನೋತ್ತರದಂತೆ ಹೇಳುವುದಿಲ್ಲ. ಒಂದು ಗಾದೆಗೆ ಎದುರಾಗಿ ಇನ್ನೊಂದು ಗಾದೆ ನಿಂತೇ ಇರುತ್ತದೆ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಒಂದು. 'ಮೌನವೇ ಸಮ್ಮತಿ' ಎಂದು ಮತ್ತೊಂದು. ಕಣ್ಣೆದುರಿಗೆ ಅನ್ಯಾಯ ನಡೆಯುವಾಗ ಇವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಗಾದೆಯೇ ತೀರ್ಮಾನಿಸಿಕೊಡುವುದಿಲ್ಲ. ಆಡುವವನ ವಿವೇಕಕ್ಕೆ ಬಿಡುತ್ತದೆ. ಹತ್ತು ಗಾದೆಗಳನ್ನು ಬಾಯಿಪಾಠ ಮಾಡಿದವನಿಗಿಂತ, ಎರಡು ಗಾದೆಗಳ ನಡುವೆ ಆರಿಸಲು ಕಲಿತವನೇ ನುಡಿಯನ್ನೂ ನಡೆಯನ್ನೂ ಹೆಚ್ಚು ಕಲಿತಂತಾಯಿತು.

ಇದೇ ಜಿಲ್ಲೆಯ ಪಂಜೆ ಮಂಗೇಶರಾಯರು (1874-1937) ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ ಈ ಗುಟ್ಟನ್ನು ಕಂಡುಕೊಂಡಿದ್ದರು. ಅವರ ಪಠ್ಯಪುಸ್ತಕಗಳಲ್ಲಿ ಕೆಲವು ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಅಚ್ಚಾದುವೆಂಬುದು ಗಮನಾರ್ಹ. 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಅವರ ಮಕ್ಕಳ ಕಥೆ ಒಂದು 'ಯಾಕೆ'ಯಿಂದ ಇನ್ನೊಂದು 'ಯಾಕೆ'ಗೆ ಸಾಗುವ ಸರಪಳಿ. ಅದನ್ನು ನೀತಿಪಾಠವೆಂದು ಯಾರೂ ಕರೆಯರು. ಆದರೂ ಮಗು ಅದರಿಂದ ಪ್ರಶ್ನಾರ್ಥಕ ವಾಕ್ಯವನ್ನು ಕಲಿಯುತ್ತದೆ, ಮೇಲುಮೇಲಿನ ಉತ್ತರಕ್ಕೆ ತೃಪ್ತಿಪಡದೆ ಕಾರಣದ ಬೆನ್ನುಹತ್ತುವುದನ್ನು ಕಲಿಯುತ್ತದೆ. ಈ ಎರಡನೆಯದು ಭಾಷೆಯೂ ಹೌದು, ಶೀಲವೂ ಹೌದು.

ಮುಂದಿನ ಚರಿತ್ರೆ ಇನ್ನೊಂದು ಬಗೆಯಲ್ಲಿ ಬೋಧಪ್ರದವಾಗಿದೆ. 1854ರ ವುಡ್ ನಿರೂಪದಿಂದ ಸಹಾಯಧನದ ಪದ್ಧತಿ ಬಂದು, ಲೌಕಿಕ ವಿದ್ಯೆಯನ್ನಷ್ಟೇ ಸರಕಾರ ಪರೀಕ್ಷಿಸತೊಡಗಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೆಯ ಅನುಚ್ಛೇದ, ಪೂರ್ತಿ ಸರಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧೆಯನ್ನು ನಿಷೇಧಿಸಿತು. ಸಹಾಯಧನ ಪಡೆಯುವ ಶಾಲೆಗಳಲ್ಲಿ ವಿದ್ಯಾರ್ಥಿಯ ಇಲ್ಲವೆ ಪೋಷಕರ ಒಪ್ಪಿಗೆಯಿಲ್ಲದೆ ಅದು ಕೂಡದೆಂದಿತು. ಇದು ನ್ಯಾಯವಾದ ಏರ್ಪಾಡೇ. ಆದರೆ ಭಾಷಾಪಾಠದಿಂದ ಮತ ಹೊರಟುಹೋದರೂ ಮತಬೋಧೆಯ ಅಚ್ಚು ಉಳಿದುಕೊಂಡಿತು. 'ಈ ಪಾಠದ ನೀತಿ ಏನು?' ಎಂಬ ಪ್ರಶ್ನೆ ಇಂದು ಯಾವ ಮತಕ್ಕೂ ಸೇರದ ಶಾಲೆಗಳಲ್ಲಿಯೂ 'ಮೌಲ್ಯಶಿಕ್ಷಣ'ವೆಂಬ ಹೆಸರಿನಲ್ಲಿ ಕೇಳಿಬರುತ್ತದೆ. ಅದಕ್ಕೆ 'ಸತ್ಯವನ್ನೇ ನುಡಿಯಬೇಕು' ಎಂದು ಮಗು ಬರೆಯುತ್ತದೆ, ಅಂಕ ದೊರೆಯುತ್ತದೆ. ಆ ಉತ್ತರ ಮಗುವಿಗೆ ಅನ್ನಿಸಿದುದೋ, ಗುರು ಬಯಸಿದುದೋ ಎಂದು ಯಾರೂ ವಿಚಾರಿಸುವುದಿಲ್ಲ. ಹೀಗೆ ತನಗೆ ಅನ್ನಿಸದುದನ್ನು ಅಂಕಕ್ಕಾಗಿ ನುಡಿಯುವ ಅಭ್ಯಾಸ, ಸತ್ಯದ ಪಾಠದಿಂದಲೇ ಮೊಳೆಯುತ್ತದೆ. ನುಡಿ ನಡೆಗಳನ್ನು ಒಂದುಮಾಡಲು ಹೊರಟ ಪಾಠ ಅವೆರಡನ್ನು ಬೇರ್ಪಡಿಸುವುದು ಇಲ್ಲಿಯೇ.

ಹಾಗಾದರೆ ಭಾಷಾಪಾಠದಿಂದ ಶೀಲವನ್ನು ದೂರವಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಭಾಷೆಯ ಒಂದೊಂದು ಕಲೆಯೊಳಗೂ ಅದರದೇ ಆದ ಶೀಲವಿದೆ. ಉಕ್ತಲೇಖನದಲ್ಲಿ ಕೇಳಿದುದನ್ನು ಕೂಡಿಸದೆ ಕಳೆಯದೆ ಬರೆಯುವ ನಿಷ್ಠೆ ಇದೆ. ಸಾರಾಂಶಲೇಖನದಲ್ಲಿ ತಾನು ಒಪ್ಪದ ಮಾತನ್ನೂ ವಿರೂಪಗೊಳಿಸದೆ ತಿಳಿಸುವ ನ್ಯಾಯವಿದೆ. ಪತ್ರಲೇಖನದಲ್ಲಿ ಓದುವವನ ಸ್ಥಾನದಲ್ಲಿ ನಿಂತು ನೋಡುವ ಸೌಜನ್ಯವಿದೆ. ಮಿಶನ್ ಸಭೆಗಳು ಜರ್ಮನಿಯಿಂದ ತಂದ ಬಹುಧ್ವನಿಯ ಸಮೂಹಗಾನದಲ್ಲಿ, ತನ್ನ ಸ್ವರವನ್ನು ಬಿಡದೆಯೂ ಪಕ್ಕದವನ ಸ್ವರಕ್ಕೆ ಕಿವಿಗೊಡುವ ಸಂಯಮವಿದೆ. ಇವು ಯಾವುವೂ ನೀತಿವಾಕ್ಯವನ್ನು ಬೇಡುವುದಿಲ್ಲ. ಕೆಲಸ ಸರಿಯಾಗಿ ನಡೆದರೆ ಶೀಲ ಅದರೊಡನೆಯೇ ಬೆಳೆಯುತ್ತದೆ. ಬಾಸೆಲ್ ಮಿಶನ್ನಿನ ಅನುಭವದಿಂದ ಇಂದಿನ ಪಠ್ಯಪುಸ್ತಕ ರಚನಕಾರರು ತೆಗೆದುಕೊಳ್ಳಬಹುದಾದುದು ಅದರ ನೀತಿಪಾಠವನ್ನಲ್ಲ, ಕಿಟ್ಟೆಲನಂತಹವರ ಶಬ್ದನಿಷ್ಠೆಯನ್ನು. ಒಂದು ಪದದ ಅರ್ಥವನ್ನು ಸರಿಯಾಗಿ ಹಿಡಿಯಲು ವರ್ಷಗಟ್ಟಲೆ ದುಡಿದ ಆ ತಾಳ್ಮೆ, ನಿಘಂಟಿನ ಪುಟಗಳಲ್ಲಿ ಎಲ್ಲಿಯೂ ತನ್ನನ್ನು ಸದ್ಗುಣವೆಂದು ಹೇಳಿಕೊಂಡಿಲ್ಲ.